ಹೆದರುವ ಇಂಗ್ಲಿಷರು

ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವವರಿಗೆ ಬಕೆಟ್ ಒದೆಯುವ ಪಾತ್ರಗಳಿಂದ ಅಂಥ ತೊಂದರೆಯಿಲ್ಲ. ಒದ್ದ ಸದ್ದಿಗೇ ಇದೇನೋ ಬೇರೆ ವ್ಯವಹಾರ ಅಂತ ಗೊತ್ತಾಗುತ್ತದೆ. ನಿಘಂಟು ತೆಗೆದು, 'ಗೊಟಕ್ ಅಂದ' ಎಂದು ಬರೆದು ಮುಂದೆ ಹೋಗಬಹುದು. ಬೆಕ್ಕು ನಾಯಿಗಳ ಮಳೆಯೂ ಅಷ್ಟೇ. ಪ್ರಾಣ ತಿನ್ನುವುದು ಸಾಧುಗಳಂತೆ ಕೂತಿರುವ ಮಾತುಗಳು.

'ಯೂ ಕಾಂಟ್ ಬಿ ಟೂ ಕೇರ್‌ಫುಲ್' ಅನ್ನುವುದರಲ್ಲಿ ಹೈಸ್ಕೂಲು ಹುಡುಗನಿಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ಅದಕ್ಕೇ ಯಾರೂ ನಿಘಂಟು ಮುಟ್ಟುವುದಿಲ್ಲ. ಕನ್ನಡದ ಪತ್ತೇದಾರ ಮನೆಯೊಡತಿಗೆ 'ನೀವು ಅತಿ ಎಚ್ಚರದಿಂದ ಇರಲಾರಿರಿ' ಎಂದು ಶಾಪ ಕೊಟ್ಟು ಹೊರಡುತ್ತಾನೆ. ಪುಣ್ಯಾತ್ಮ ಹೇಳಿದ್ದು, ಎಷ್ಟು ಹುಷಾರಾಗಿದ್ದರೂ ಸಾಲದಮ್ಮ ಅಂತ. ಇನ್ನು 'ಐ ಆಮ್ ಅಫ್ರೇಡ್'. ಇಂಗ್ಲಿಷರು ಸಕ್ಕರೆ ಮುಗಿದಿದೆ ಎಂದು ಹೆದರುತ್ತಾರೆ, ರೈಲು ಹೋಯಿತೆಂದು ಹೆದರುತ್ತಾರೆ, ಸಾಹೇಬರು ಮನೆಯಲ್ಲಿಲ್ಲ ಎಂದೂ ಹೆದರುತ್ತಾರೆ. ಇಷ್ಟು ಪುಕ್ಕಲರು 1831ರಿಂದ 1881ರವರೆಗೆ ನಮ್ಮ ಮೈಸೂರು ಸಂಸ್ಥಾನವನ್ನು ಆಳಿದ್ದು ಹೇಗೋ! ಉತ್ತರ ಇಂಗ್ಲೆಂಡಿನ ಗಣಿ ಕಾರ್ಮಿಕ 'ಟೀ'ಗೆ ಮನೆಗೆ ಬಂದ ಅಂದರೆ ಬಂದದ್ದು ಸಂಜೆಯ ಊಟಕ್ಕೆ. ಅನುವಾದಕ ಅವನ ಕೈಗೊಂದು ಲೋಟ ಕೊಟ್ಟು ಉಪವಾಸ ಮಲಗಿಸುತ್ತಾನೆ. ಅಮೆರಿಕದವರ ಫಸ್ಟ್ ಫ್ಲೋರ್ ನೆಲದ ಮಟ್ಟದ್ದು. ಅಲ್ಲಿಯ ಕಿಟಕಿಯಿಂದ ಹಾರಿದವನು ಧೂಳು ಕೊಡವಿಕೊಂಡು ಓಡಿದರೆ ಅದನ್ನು ಸಾಹಸ ಅನ್ನಬೇಕಿಲ್ಲ.

ಹಿಂದಿನವರು ಆರಾಮಾಗಿದ್ದರು. ಬಸಪ್ಪಶಾಸ್ತ್ರಿಗಳ ಕೈಯಲ್ಲಿ ಒಥೆಲೋ ಶೂರಸೇನನಾದ. ಶೂರಸೇನನಾದ ಮೇಲೆ ಅವನು ಕನ್ನಡದವನಂತೆ ಮಾತಾಡಿದರೆ ಕೇಳುವವರು ಯಾರು? ಈಗ ಹೆಸರು ಬದಲಾಯಿಸುವ ಹಾಗಿಲ್ಲ, ಮಾತು ಮಾತ್ರ ಬದಲಾಗಬೇಕು. ನನಗೆ ಕಂಡ ಒಂದೇ ದಾರಿ ಗುಮಾನಿ. ಬುದ್ಧಿವಂತ ಪಾತ್ರ ಇದ್ದಕ್ಕಿದ್ದಂತೆ ಪೆದ್ದುಪೆದ್ದಾಗಿ ಮಾತಾಡಿದರೆ ಲೇಖಕನನ್ನು ಬಿಟ್ಟು ನಮ್ಮ ವಾಕ್ಯವನ್ನೇ ಹಿಡಿದು ವಿಚಾರಿಸಬೇಕು.

ಚಿತ್ರದುರ್ಗದ ಚಂದ್ರವಳ್ಳಿಯ ಕೆರೆ ಏರಿಯ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಾಗ ನಮ್ಮ ನಿವೃತ್ತ ಇತಿಹಾಸದ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದರೆ, "ಅದೇನು ದೊಡ್ಡದು ಬಿಡಿ, ನಮ್ಮ ಬಂಡೆ ನೋಡಿ" ಅಂದರು. ಭೈರವೇಶ್ವರ ಗುಡಿಯ ಹತ್ತಿರದ ಮಯೂರಶರ್ಮನ ಶಾಸನ. ಪುಟ್ಟದು, ಸವೆದದ್ದು. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಓದಿದಾಗ ಕೆರೆಯ ಜೊತೆಗೆ ತ್ರೈಕೂಟರು, ಆಭೀರರು, ಪಲ್ಲವರು ಎಂದು ಸೋತವರ ದೊಡ್ಡ ಪಟ್ಟಿಯೇ ಸಿಕ್ಕಿತು. ಆಮೇಲೆ ಬಂದ ವಿದ್ವಾಂಸರೆಲ್ಲ ಆ ಪಟ್ಟಿಯನ್ನು ಒಪ್ಪಲಿಲ್ಲ. "ಒಂದು ಗೆರೆ ಹೀಗೆ ಕಂಡರೆ ದಿಗ್ವಿಜಯ, ಹಾಗೆ ಕಂಡರೆ ಬರೀ ಕೆರೆ ಕೆಲಸ" ಎಂದು ಮೇಷ್ಟ್ರು ನಕ್ಕರು. ಅವರಿಗೆ ಕೆರೆ ಕೆಲಸವೇ ಇಷ್ಟ. ಊರಿಗೆ ನೀರಾದರೂ ಸಿಗುತ್ತದೆ ಅನ್ನುತ್ತಾರೆ.

ಇಂಗ್ಲಿಷಿನವರದೇ ಮೇಲುಗೈ ಅಂತಲ್ಲ, ನಮ್ಮ ಕಡೆಯಿಂದ ಹೋದವೂ ಅಲ್ಲಿ ಫಜೀತಿ ಮಾಡುತ್ತವೆ. ಓಬವ್ವನ ಒನಕೆಗೆ ನಿಘಂಟಿನಲ್ಲಿರುವುದು 'ಪೆಸಲ್'. ಲಂಡನ್ನಿನ ಓದುಗನಿಗೆ ಅದು ಅಡುಗೆಮನೆಯಲ್ಲಿ ಮೆಣಸು ಜಜ್ಜುವ ಗೇಣುದ್ದದ ಗುಂಡು. ಆಳೆತ್ತರದ ಒನಕೆ ಅವನ ಕಣ್ಣಿಗೆ ಬರುವುದೇ ಇಲ್ಲ. ಹೈದರನ ಸಿಪಾಯಿಗಳು ಒಬ್ಬೊಬ್ಬರಾಗಿ ಕಿಂಡಿಯೊಳಗೆ ತಲೆ ತೂರಿಸಿ ಮೆಣಸಿನ ಗುಂಡಿನಿಂದ ಏಟು ತಿಂದು ಸಾಯುತ್ತಾರೆ.

ಮೇಷ್ಟ್ರು ಮೆಣಸಿನಕಾಯಿ ಬಜ್ಜಿಯ ತೊಟ್ಟು ತೆಗೆಯುತ್ತಾ ಸ್ವಲ್ಪ ಯೋಚಿಸಿದರು. "ಹಂಗೇ ಇರಲಿ ಬಿಡಿ ಸಾರ್. ಅಷ್ಟು ಸಣ್ಣ ಗುಂಡಲ್ಲಿ ಅಷ್ಟು ಜನ ಅಂದ್ರೆ, ದುರ್ಗದ ಹೆಣ್ಮಗಳ ರಟ್ಟೆ ಇನ್ನೂ ಗಟ್ಟಿ ಅಂತಾಯ್ತಲ್ಲ!"