ಯಕ್ಸಂಬಾದ ಪೈಲ್ವಾನರು, ಜಪಾನಿನ ತಾಬುಸೆ

ಕಾಕಾ, ಮೊಮ್ಮಗನ್ನ ಬೈಬ್ಯಾಡ್ರಿ. ಗ್ವಾಡಿಗಿ ಚೆಂಡ ಬಡಿದ್ರ ಸುಣ್ಣ ಉದರತೈತಿ ಖರೆ, ಸುಣ್ಣ ಮತ್ತ ಹಚ್ಚಾಕ ಬರತೈತಿ. “ಬಾಸ್ಕೆಟ್‌ಬಾಲ್ ಉದ್ದನ್ನವರ ಆಟ, ನೀ ಗಿಡ್ಡ ಅದಿ” ಅಂದ್ರಲ್ಲ, ಆ ಮಾತಿಗಿ ನಾ ಬೇಲಿತನಕ ಬಂದೆ.

ಜಪಾನದಾಗ ಯೂತಾ ತಾಬುಸೆ ಅಂತ ಒಬ್ಬ ಆಟಗಾರ ಅದಾನ್ರಿ. ಎತ್ತರ 175 ಸೆಂಟಿಮೀಟರ್ ಆಸುಪಾಸು, ನಮ್ಮ ಓಣ್ಯಾಗ ನಿಂತ್ರ ಯಾರೂ ತಿರುಗಿ ನೋಡೂದಿಲ್ಲ. ಹುಟ್ಟಿದ್ದು ಯೊಕೊಹಾಮಾದಾಗ, ಸಾಲಿ ಆಟಕ್ಕ ಹ್ವಾದದ್ದು ದೂರ ಉತ್ತರದ ನೋಶಿರೋಕ್ಕ. ಮೀಸಿ ಮೂಡೂ ವಯಸ್ಸಿನಾಗ ಮನಿ ಬಿಟ್ಟ ಹುಡುಗ. 2004ರಾಗ ಅಮೆರಿಕಾದ ಎನ್‌ಬಿಎ ಲೀಗಿನ ಫೀನಿಕ್ಸ್ ಸನ್ಸ್ ತಂಡದಾಗ ಆಡಿದ. ಜಪಾನದಾಗ ಹುಟ್ಟಿ ಬೆಳೆದು ಎನ್‌ಬಿಎ ಆಡಿದವರಾಗ ಅಂವನ ಮೊದಲನೇಂವ. ಮೊದಲನೇ ಪಂದ್ಯದಾಗ 7 ಅಂಕ ಮಾಡಿದ. ಒಟ್ಟು ಆಡಿದ್ದು ಬರೇ 4 ಪಂದ್ಯ, ಅಷ್ಟರಾಗ ತಂಡದವರು ಕೈ ಬಿಟ್ರು.

ಆ ನಾಕ ಪಂದ್ಯದ ಸುದ್ದಿ ಎಲ್ಲಾರೂ ಹೇಳತಾರ. ನನಗ ಅದರ ಮುಂದಿಂದು ದೊಡ್ಡದು. ಅಲ್ಲೇ ಸಣ್ಣ ಲೀಗಿನಾಗ ಕೆಲವು ವರ್ಷ ಬೆವರು ಸುರಿಸಿದ. 2008ರಾಗ ಊರಿಗಿ ಹೊಳ್ಳಿ ತೋಚಿಗಿ ಬ್ರೆಕ್ಸ್ ಸೇರಿದ. 2010ರಾಗ ಆ ತಂಡ ದೇಶದ ಲೀಗ್ ಗೆದ್ದಿತು. 2016ರಾಗ ಬಿ-ಲೀಗ್ ಸುರು ಆತಲ್ಲ, ಅದರ ಮೊದಲನೇ ಪ್ರಶಸ್ತೀನೂ ಅವರದ. ನಾಲ್ವತ್ತು ದಾಟಿದ ಮ್ಯಾಲೂ ಅದೇ ತಂಡದ ಅಂಗಿ ಹಾಕ್ಕೊಂಡು ಅಂಗಳಕ್ಕ ಇಳದಾನ. ಮಂದಿ ಬಿಟ್ರೂ ಆಟ ಬಿಡದಾಂವಗ ನಾ ಕೈ ಮುಗೀತೀನಿ.

ಜಪಾನ ದೂರ ಆತು ಅಂತೀರಿ. ಹಂಗಾರ ನಮ್ಮ ಚಿಕ್ಕೋಡಿ ತಾಲೂಕಿನ ಯಕ್ಸಂಬಾಕ್ಕ ಬರ್ರಿ. ಪೈಲ್ವಾನ ಶ್ರೀಪತಿ ಖಂಚನಾಳೆ ಹುಟ್ಟಿದ ಊರು ಅದು, 1934ರಾಗ. 1959ರಾಗ ದಿಲ್ಲ್ಯಾಗ ಪಂಜಾಬದ ಬಂತಾಸಿಂಗನ್ನ ಕೆಡವಿ ಕುಸ್ತಿಯೊಳಗ ಹಿಂದ್ ಕೇಸರಿ ಆದ್ರು. ಹಿಂದ್ ಕೇಸರಿ, ಕಾಕಾ! ಇವರೂ ಕಲಿಯಾಕ ಊರು ಬಿಟ್ಟವರ, ಕೊಲ್ಹಾಪುರದ ಶಾಹುಪುರಿ ತಾಲೀಮಿನಾಗ ಬೆಳದ್ರು. 2020ರ ಡಿಸೆಂಬರ್‌ದಾಗ ಅಲ್ಲೇ ತೀರಿಕೊಂಡ್ರು. ಕೊಲ್ಹಾಪುರದವರು ಅವರನ್ನ ತಮ್ಮವರು ಅಂತ ಹೆಮ್ಮಿಲೆ ಹೇಳತಾರ, ಹೇಳಲಿ, ಅವರು ಸಾಕ್ಯಾರ. ಆದ್ರ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗೂರನ್ನ ನಿಲ್ಲಿಸಿ ಕೇಳ್ರಿ, ಎಷ್ಟು ಮಂದಿಗಿ ಆ ಹೆಸರು ಗೊತ್ತೈತಿ? ನನಗ ಹೊಟ್ಟ್ಯಾಗ ಸಂಕಟ ಆಗತೈತಿ. 1956ಕ್ಕ ನಾವು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕ ಬಂದ್ವಿ, ಗಡಿ ಬಿತ್ತು, ಆದ್ರ ಪೈಲ್ವಾನರ ಹಾದಿ ಆಗೂ ಕೊಲ್ಹಾಪುರಕ್ಕ, ಈಗೂ ಕೊಲ್ಹಾಪುರಕ್ಕ.

ಅದಕ್ಕ ಕಾರಣ ಕೊಲ್ಹಾಪುರದ ಅರಸ ಶಾಹು ಮಹಾರಾಜರು. ತಾಲೀಮು ಕಟ್ಟಿಸಿದ್ರು, ಪೈಲ್ವಾನರಿಗಿ ಖುರಾಕಿನ ವ್ಯವಸ್ಥಾ ಮಾಡಿದ್ರು, 1912ರಾಗ ಖಾಸಬಾಗ ಮೈದಾನ ಸುರು ಮಾಡಿದ್ರು. ನಡುವ ತಗ್ಗಿನಾಗ ಕಣ, ಸುತ್ತ ಮ್ಯಾಲಕ್ಕ ಏರಿಕೋತ ಹೋಗೂ ಕಟ್ಟಿ. ಕಡೀ ಸಾಲಿನಾಗ ಕುಂತ ಮುದುಕಗೂ ಕುಸ್ತಿ ಕಾಣತೈತಿ.

ತಾಲೀಮಿನ ಮಣ್ಣು ನೋಡೀರಿ? ಕೆಂಪ ಮಣ್ಣು ಸೋಸಿ, ಮಜ್ಜಿಗಿ, ಎಣ್ಣಿ, ಅರಿಷಿಣ, ಲಿಂಬಿಹಣ್ಣಿನ ರಸ ಹಾಕಿ ಕಲಸಿರತಾರ. ನಸಕಿನ್ಯಾಗ ಹುಡುಗೂರು ಸಲಿಕಿಲೆ ಕಣ ಅಗದು, ಹಗರ ಮಾಡಿ, ಸಮ ಮಾಡತಾರ. ಅದು ಮೊದಲನೇ ವ್ಯಾಯಾಮ, ಆಮ್ಯಾಲ ಜೋರು-ಬೈಠಕಿ. ಬಿದ್ರ ಮೈ ಒಡೀಬಾರದು, ತರಚಿದ್ರ ಹುಣ್ಣ ಆಗಬಾರದು ಅಂತ ಮಣ್ಣಿಗಿ ಇಷ್ಟೆಲ್ಲಾ. ಹಲಗಿ ಬಡಿಯೂದರಾಗ ಇಬ್ಬರು ಇಳೀತಾರ, ಒಬ್ಬರ ಮೈಗಿ ಒಬ್ಬರು ಮಣ್ಣು ಹಚ್ಚತಾರ, ಸಲಾಮಿ ಕೊಡತಾರ. ಬೆವರಿಗಿ ಮೈ ಜಾರಬಾರದು, ಹಿಡಿತ ಸಿಗಬೇಕು ಅಂತ ಆ ಮಣ್ಣು. ಎದುರಾಳಿಗಿ ಹಿಡಿತ ಕೊಟ್ಟು ಸುರು ಮಾಡೂ ಆಟ ಅದು! ಹಳೇ ಪೈಲ್ವಾನರ ಕಿವಿ ಮುರುಟಿ ಗಂಟು ಕಟ್ಟಿರತಾವಲ್ಲ, ಆ ಗಂಟಿನಾಗ ಎಷ್ಟು ವರ್ಷದ ದುಡಿಮಿ ಐತಿ ಲೆಕ್ಕಾ ಹಾಕ್ರಿ. ಬಾದಾಮಿ ಅರದ ಥಂಡಾಯಿ, ಹಾಲು, ತುಪ್ಪ, ಇದನ್ನ ವರ್ಷಗಟ್ಟಲೆ ಹೊಂದಿಸೂದು ಒಕ್ಕಲತನದ ಮನಿಗಿ ಸಣ್ಣ ಮಾತಲ್ಲ.

ಆದ್ರ ಒಂದು ಮಾತು ಹೇಳಬೇಕು. ಮಣ್ಣಿನಾಗ ಬೆನ್ನು ನೆಲಕ್ಕ ಹತ್ತಿ ಚಿತ್ ಆದ್ರ ಮುಗೀತು, ಗಡಿಯಾರದ ಹಂಗಿಲ್ಲ. ಜಗತ್ತಿನ ಕುಸ್ತಿ ನಡಿಯೂದು ಮ್ಯಾಟಿನ ಮ್ಯಾಲ, ಅಂಕದ ಲೆಕ್ಕ, ನಿಮಿಷದ ಲೆಕ್ಕ. ಖಂಚನಾಳೆಯವರ ಮರುವರ್ಷ, 1960ರಾಗ, ಹಿಂದ್ ಕೇಸರಿ ಆದ ಗಣಪತರಾವ್ ಆಂದಳಕರ ಸೈತ ಕೊಲ್ಹಾಪುರದ ಮಣ್ಣಿನಾಗ ಬೆಳದವರ. 1962ರ ಏಷ್ಯನ್ ಗೇಮ್ಸ್‌ದಾಗ ಬಂಗಾರ ತಂದ್ರು, 1964ರಾಗ ಟೋಕಿಯೋ ಒಲಿಂಪಿಕ್ಸ್‌ಗಿ ಹ್ವಾದ್ರು. ಅಂದ್ರ ಮಣ್ಣಿನ ಹುಡುಗ ಮ್ಯಾಟ್ ಕಲಿಯೂದಿಲ್ಲ ಅನ್ನೂದು ಸುಳ್ಳು, ಕಲಿಸೂ ಮಂದಿ ಬೇಕು, ಜಾಗಾ ಬೇಕು. ಮ್ಯಾಟ್ ಹಾಸಾಕ ಒಂದು ಶೆಡ್ಡು, ಸಾಲಿ ಅಂಗಳದಾಗ 10 ಫೂಟ್ ಎತ್ತರಕ್ಕ ಒಂದು ರಿಂಗು. ಇಷ್ಟು ಆದ್ರ ಕುಸ್ತಿ ಬಯಸಿದಾಂವ ಕುಸ್ತಿ ಆಡತಾನ, ಚೆಂಡ ಬಯಸಿದಾಂವ ಚೆಂಡ ಆಡತಾನ.

ಮಂಗಳವಾರ ನೀವು ಪಂಚಾಯ್ತಿಗಿ ಹೋಗಾವರಿದ್ದೀರಲ್ಲ, ಶೆಡ್ಡು, ರಿಂಗಿನ ಅರ್ಜಿ ನಾ ಬರದು ಕೊಡತೀನಿ. ನೀವು ಸಹಿ ಮಾಡ್ರಿ, ಓಣ್ಯಾಗ ಇನ್ನೂ ಹತ್ತು ಮಂದಿದು ಮಾಡಸೋಣ.