ಹಳಸದ ಕಾಗದ

ಹಾಲಿನ ಪ್ಯಾಕೆಟ್ಟಿಗೆ, ಜ್ವರದ ಮಾತ್ರೆಗೆ, ಸ್ಕೂಟರಿನ ವಿಮೆಗೆ ಒಂದು ಕೊನೆಯ ದಿನ ಇರುತ್ತದೆ. ದಸ್ತಗಿರಿ ವಾರಂಟಿಗೆ ಇಲ್ಲ. ಅದು ಜಾರಿಯಾಗಬೇಕು, ಇಲ್ಲವೇ ಹೊರಡಿಸಿದ ಕೋರ್ಟೇ ಅದನ್ನು ರದ್ದು ಮಾಡಬೇಕು, ಅಲ್ಲಿಯವರೆಗೆ ಜೀವಂತ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಹೇಳುತ್ತಿದ್ದ ಈ ಮಾತನ್ನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಹೇಳುತ್ತಿದೆ. ಕಾನೂನಿನ ಹೆಸರು ಬದಲಾಯಿತು, ಕಾಗದದ ಆಯುಸ್ಸು ಬದಲಾಗಲಿಲ್ಲ.

ವಾರಂಟು ಹುಟ್ಟುವುದಕ್ಕೆ ಕೊಲೆ, ಸುಲಿಗೆ ನಡೆಯಬೇಕೆಂದಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ನೂಲಿಗೆ ಕೊಟ್ಟ ಚೆಕ್ಕು ಬೌನ್ಸ್ ಆಗಿ, ಕೇಸು ನಡೆಯುವ ದಿನ ಆಸಾಮಿ ಗೃಹಪ್ರವೇಶಕ್ಕೆ ಹೋದರೆ ಸಾಕು. ನೆಲಮಂಗಲದ ಯಾವುದೋ ಬದುವಿನ ಜಗಳಕ್ಕೆ ಸಾಕ್ಷಿಯಾಗಿ, ಸಮನ್ಸು ಬಂದರೂ ಹೋಗದಿದ್ದರೆ ಸಾಕ್ಷಿಗೂ ವಾರಂಟು ಬರಬಹುದು. ಸಾಮಾನ್ಯವಾಗಿ ಮೊದಲು ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟು, ಕೊನೆಗೆ ಜಾಮೀನು ರಹಿತ ವಾರಂಟು. ಈ ಮೆಟ್ಟಿಲುಗಳನ್ನು ಹಾರಿ ಕೊನೆಯದಕ್ಕೇ ಹೋಗಬಾರದೆಂದು ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಆದರೆ ಮೊದಲ ಎರಡು ಮೆಟ್ಟಿಲು ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ ಹಿಂದಿರುಗಿದ್ದರೆ, ಮೂರನೆಯದು ಮಾತ್ರ ಹೇಗೋ ಸರಿಯಾದ ಮನೆ ಹುಡುಕಿಕೊಂಡು ಬರುತ್ತದೆ.

ಬಾಕಿ ವಾರಂಟುಗಳ ಪಟ್ಟಿ ಎಲ್ಲಿ ಸಿಗುತ್ತದೆ ಎಂಬುದು ಸಹಜವಾದ ಪ್ರಶ್ನೆ. ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ ಶೆರೀಫನ ಕಚೇರಿಯೇ ಅಂಥ ಪಟ್ಟಿಯನ್ನು ಊರಿಗೆಲ್ಲ ಕಾಣುವಂತೆ ಹಾಕುತ್ತದೆ. ಇಲ್ಲಿ ಹಾಗೆ ಕೈಗೆ ಸಿಗುವ ಸಾರ್ವಜನಿಕ ಪಟ್ಟಿ ಇಲ್ಲ. ಇರುವುದು ಕೇಸಿನ ದಿನಚರಿ. ಅದನ್ನು ಓದಿ ವಾರಂಟನ್ನು ಊಹಿಸಿಕೊಳ್ಳಬೇಕು.

ಆ ದಿನಚರಿ ಇರುವುದು ಇ-ಕೋರ್ಟ್ಸ್ ಜಾಲತಾಣದಲ್ಲಿ ಮತ್ತು ಅದರ ಆ್ಯಪ್‌ನಲ್ಲಿ. ನೋಡಲು ಕಾಸು ಕೊಡಬೇಕಾಗಿಲ್ಲ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಬೇಕು. ಇಲ್ಲೇ ಮೊದಲ ತೊಡಕು. ಬೆಂಗಳೂರು ಗ್ರಾಮಾಂತರದ ಪ್ರಧಾನ ಜಿಲ್ಲಾ ನ್ಯಾಯಾಲಯ ಕೂತಿರುವುದು ಬೆಂಗಳೂರು ನಗರದಲ್ಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕೋರ್ಟುಗಳ ಜತೆಗೆ ಆನೇಕಲ್ಲಿನದೂ ಇದೇ ಪಟ್ಟಿಯಲ್ಲಿದೆ. ಆನೇಕಲ್ ಕಂದಾಯದ ಲೆಕ್ಕಕ್ಕೆ ನಗರ ಜಿಲ್ಲೆ, ಕೋರ್ಟಿನ ಲೆಕ್ಕಕ್ಕೆ ಗ್ರಾಮಾಂತರ.

ಎರಡನೆಯ ತೊಡಕು ಹೆಸರು. ಕೇಸಿಗೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಗೊತ್ತಿದ್ದವನಿಗೆ ಕೆಲಸ ನಿಮಿಷದ್ದು. ಆದರೆ ಅದು ಗೊತ್ತಿದ್ದವನಿಗೆ ತನ್ನ ಮೇಲೆ ಕೇಸಿರುವುದೂ ಗೊತ್ತಿರುತ್ತದೆ. ಮಿಕ್ಕವರು ಹೆಸರು, ವರ್ಷ ಹಾಕಿ ಹುಡುಕಬೇಕು. ಹೆಸರು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಮುನಿಯಪ್ಪ ಎಂಬ ಹೆಸರು ಠಾಣೆಯಲ್ಲಿ ಒಂದು ‘ಪಿ’ಯಿಂದ ಬದುಕುತ್ತದೆ, ಕೋರ್ಟಿನಲ್ಲಿ ಎರಡು ‘ಪಿ’ ಕೇಳುತ್ತದೆ, ಆಧಾರಿನಲ್ಲಿ ‘ವೈ’ಯನ್ನೇ ಕಳೆದುಕೊಂಡಿರುತ್ತದೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಆದ್ದರಿಂದ ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹಾಕುವುದು ಜಾಣತನ. ಆಗ ಹೋಬಳಿಯ ಮುನಿಯಪ್ಪಂದಿರೆಲ್ಲ ಒಟ್ಟಿಗೆ ಬಂದು ನಿಲ್ಲುತ್ತಾರೆ. ಅವರೊಳಗೆ ಯಾವನು ಯಾರೆಂಬುದನ್ನು ತಂದೆಯ ಹೆಸರು, ಊರು, ಠಾಣೆ, ಎಫ್‌ಐಆರ್ ಸಂಖ್ಯೆ ನೋಡಿ ಬೇರ್ಪಡಿಸಬೇಕು. ನೆರೆಯವನ ಕೇಸು ಕಂಡು ಕುತೂಹಲಪಡುವುದು ಈ ಹಂತದ ಸಾಮಾನ್ಯ ಕಾಯಿಲೆ.

ಕೇಸು ಸಿಕ್ಕಮೇಲೆ ವಾಯಿದೆಗಳ ಪಟ್ಟಿ ಓದಬೇಕು. ಅಲ್ಲಿನ ಭಾಷೆ ತಂತಿ ಸಂದೇಶದ್ದು. ‘ಇ.ಪಿ.’ ಎಂದರೆ ಆ ದಿನದ ಹಾಜರಾತಿಯಿಂದ ವಿನಾಯಿತಿ ಕೇಳಿದ ಅರ್ಜಿ. ‘ಆರೋಪಿ ಗೈರು’ ಎಂಬುದು ಮೋಡ. ‘ಎನ್‌ಬಿಡಬ್ಲ್ಯು’ ಎಂಬುದು ಮಳೆ. ಜಾಮೀನು ರಹಿತ ವಾರಂಟಿನ ಇಂಗ್ಲಿಷ್ ಮೊದಲಕ್ಷರಗಳು. ಕೇಸು ಇನ್ನೂ ಕೋರ್ಟಿನ ಸಂಖ್ಯೆ ಪಡೆಯದೆ ಠಾಣೆಯಲ್ಲೇ ಇದ್ದರೆ ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಿದೆ.

ಠಾಣೆಗೇ ಹೋಗಿ “ನನ್ನ ಮೇಲೆ ವಾರಂಟು ಇದೆಯಾ ಸಾರ್?” ಎಂದು ಕೇಳುವುದು ಇನ್ನೊಂದು ದಾರಿ. ಉತ್ತರ ತಡವಿಲ್ಲದೆ ಸಿಗುತ್ತದೆ. ವಾಪಸು ಬರುವ ಬಸ್ಸಿನ ಖಾತರಿ ಮಾತ್ರ ಇರುವುದಿಲ್ಲ. ವಕೀಲರ ಮೂಲಕ ಕೋರ್ಟಿನ ಕಡತ ನೋಡಿಸಿ, ಆದೇಶದ ದೃಢೀಕೃತ ನಕಲು ಪಡೆಯುವುದು ಹೆಚ್ಚು ಕ್ಷೇಮ. ಜಾಲತಾಣದ ನಮೂದು ಸುಳಿವು, ಕಡತವೇ ಪುರಾವೆ.

ಹುಡುಕದೆಯೂ ತಾನಾಗಿ ಬರುವ ವಾರಂಟೊಂದಿದೆ: ವಾಟ್ಸಾಪಿನದು. ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾನೆ, ಬಿಡುಗಡೆಗೆ ಹಣ ಕೇಳುತ್ತಾನೆ. ಅಂಥ ದಸ್ತಗಿರಿ ಯಾವ ಕಾನೂನಿನಲ್ಲೂ ಇಲ್ಲ. ಅಸಲಿ ವಾರಂಟಿನಲ್ಲಿ ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಇರಬೇಕು. ಮೋಸದ ಕರೆ ಬಂದರೆ 1930ಕ್ಕೆ ದೂರು ಕೊಡಬೇಕು.

ಅಸಲಿಯೇ ಸಿಕ್ಕರೆ ಏನು ಮಾಡಬೇಕು? ತಲೆಮರೆಸಿಕೊಂಡರೆ ಕೋರ್ಟು ಉದ್ಘೋಷಣೆ ಹೊರಡಿಸಬಹುದು. ಅದನ್ನು ಊರೊಳಗೆ ಎದ್ದು ಕಾಣುವ ಜಾಗದಲ್ಲಿ ಓದಿ, ಮನೆಗೆ ಅಂಟಿಸಿ, ಹಾಜರಾಗಲು ಕನಿಷ್ಠ 30 ದಿನ ಕೊಡುತ್ತಾರೆ. ಬಳಿಕ ಆಸ್ತಿ ಜಪ್ತಿಯೂ ಆಗಬಹುದು. ಊರಿಗೆ ಮುಂಚೆಯೇ ಗೊತ್ತಿದ್ದ ವಿಷಯ ಆಗ ಅಧಿಕೃತವಾಗಿಯೂ ಗೊತ್ತಾಗುತ್ತದೆ. ದೇವನಹಳ್ಳಿಯಲ್ಲಿ 2008ರಿಂದ ವಿಮಾನ ಏರುತ್ತಿದೆಯೆಂದು ಹಾರಿಹೋಗುವ ಯೋಚನೆಯೂ ಬೇಡ: ವಾರಂಟು ಇದ್ದವನಿಗೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯಲ್ಲೇ ಅವಕಾಶವಿದೆ. ಭಾರತದೊಳಗೆ ವಾರಂಟನ್ನು ಎಲ್ಲಿ ಬೇಕಾದರೂ ಜಾರಿ ಮಾಡಬಹುದು. ಭಾನುವಾರ ಬೆಳಗಿನ ಜಾವ ಹೊಸಕೋಟೆಯ ಬಿರಿಯಾನಿ ಸರತಿಯಲ್ಲಿ ನಿಂತವನನ್ನೂ ಕರೆದೊಯ್ಯಬಹುದು. ಕೋರ್ಟಿಗೆ ರಜೆ, ವಾರಂಟಿಗೆ ರಜೆಯಿಲ್ಲ.

ತಲೆಮರೆಸಿಕೊಳ್ಳುವುದಕ್ಕಿಂತ ಅಗ್ಗದ ದಾರಿ, ವಕೀಲರೊಂದಿಗೆ ತಾನಾಗಿ ಹಾಜರಾಗಿ ಗೈರಿಗೆ ಕಾರಣ ಹೇಳಿ ‘ವಾರಂಟ್ ರೀಕಾಲ್’ ಅರ್ಜಿ ಹಾಕುವುದು. ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ವಕೀಲರ ಫೀಸಿಗೆ ಶಕ್ತಿಯಿಲ್ಲದ ಅರ್ಹರಿಗೆ ಕಾನೂನು ಸೇವೆಗಳ ಸಮಿತಿ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100.