ಕಿಚನ್‌ಗಾದರೆ ಗ್ಯಾರಂಟಿ

ನಾನು ಮನೆಯಲ್ಲೇ ದೋಣಿ ಮಾಡುತ್ತಿರುವ ಸುದ್ದಿ ಹಬ್ಬಿದ್ದೇ ತಡ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮುಗಿದ ಮೇಲೆ ಬಾಗಿಲಲ್ಲಿ ಹೊರಗೆ ಹೋಗ್ತದಾ?" ಕೆಲಸ ನಡೆಯುತ್ತಿದ್ದದ್ದು ಮೂರು ಬದಿ ತೆರೆದ ಜಗಲಿಯಲ್ಲಿ. ಅಲ್ಲಿ ಬಾಗಿಲೇ ಇಲ್ಲ. ಅದನ್ನು ತೋರಿಸಿದರೂ ಯಾರಿಗೂ ಸಮಾಧಾನವಿಲ್ಲ. ದಾರಿಯುದ್ದಕ್ಕೂ ಹೊತ್ತು ತಂದ ಪ್ರಶ್ನೆಯನ್ನು ಇಳಿಸಲು ಅವರಿಗೂ ಒಂದು ಜಾಗ ಬೇಕಲ್ಲ. ಕೊನೆಕೊನೆಗೆ "ಎಲ್ಲಿ ಹೋಗ್ತದೆ, ಗೋಡೆ ಒಡೀಬೇಕಷ್ಟೆ" ಎನ್ನತೊಡಗಿದೆ. ಆಮೇಲೆ ಬಂದವರೆಲ್ಲ ಖುಷಿಯಾಗಿ ಕಾಫಿ ಕುಡಿದು ಹೋದರು.

ಸೀತಾನದಿ ಸಮುದ್ರ ಸೇರುವ ಮೊದಲು ಅಗಲವಾಗಿ, ಸೋಮಾರಿಯಾಗಿ, ಕುದ್ರುಗಳ ನಡುವೆ ಹರಿಯುವ ಜಾಗ ನಮ್ಮದು. ನಿವೃತ್ತನಾದವನು ಅಲ್ಲಿ ದೋಣಿ ಬಯಸಿದರೆ ಅದು ಆಸೆ. ತಾನೇ ಮಾಡುತ್ತೇನೆ ಎಂದರೆ ಮನೆಯವರ ಪ್ರಕಾರ ಬಿ.ಪಿ. ನೋಡಿಸಬೇಕಾದ ವಿಷಯ.

ಪ್ಲೈವುಡ್ ಅಂಗಡಿಗೆ ಹೋಗಿ ಮೆರೈನ್ ಪ್ಲೈ ಕೇಳಿದೆ.

"ಉಂಟು. ಕಿಚನ್‌ಗಾ, ಬಾತ್‌ರೂಮಿಗಾ?"

"ದೋಣಿಗೆ."

ಅವರು ಕ್ಯಾಲ್ಕುಲೇಟರ್ ಕೆಳಗಿಟ್ಟರು. "ದೋಣಿಗೆ ಆಗ್ತದೋ ಇಲ್ವೋ ಗೊತ್ತಿಲ್ಲ ಮಾರಾಯ್ರೆ. ಕಿಚನ್‌ಗಾದ್ರೆ ಗ್ಯಾರಂಟಿ."

ಅವರನ್ನು ದೂರಿ ಫಲವಿಲ್ಲ. ಐಎಸ್ 710 ಮುದ್ರೆಯ ಈ ಹಲಗೆ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದೆಂಬುದು ನಿಯಮ. ಅಷ್ಟು ತಪಸ್ಸು ಮಾಡಬಲ್ಲದ್ದನ್ನು ತಂದು ನಾವು ಸಿಂಕಿನ ಕೆಳಗೆ ಕೂರಿಸುತ್ತೇವೆ. ಹೆಸರಿನಲ್ಲಿ ಸಮುದ್ರವಿದ್ದರೂ ಪಾಪ, ಅದು ಕಾಣುವುದು ಸೋರುವ ನಲ್ಲಿಯನ್ನು ಮಾತ್ರ. ದಪ್ಪ ಎಷ್ಟು ಬೇಕೆಂದು ಅವರು ಕೇಳಿದರು. 6 ಎಂಎಂ ಎಂದೆ.

"ಕುಕ್ಕರ್ ಇಡ್ಲಿಕ್ಕೇ 18 ಎಂಎಂ ಹಾಕ್ತಾರೆ. ನೀವು ಕೂರ್ಲಿಕ್ಕೆ 6?" ಎಂದವರು ನನ್ನ ಹೊಟ್ಟೆಯ ಮೇಲೊಮ್ಮೆ ಕಣ್ಣಾಡಿಸಿದರು. ತೆಳು ಹಲಗೆ ಬಾಗಿದಾಗ ಗಡುಸಾಗುತ್ತದೆ, ಅಂಚಿಗೆ ಅಂಚು ಗಟ್ಟಿಯಾಗಿ ಕೂಡಿದರೆ ಇಡೀ ದೋಣಿಯೇ ಒಂದು ಪೆಟ್ಟಿಗೆಯಾಗಿ ಭಾರ ಹೊರುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಅವರು ಬಿಲ್ ಬರೆದಾಗಿತ್ತು. ಹಣ ಎಣಿಸುತ್ತಾ ಮೆಲ್ಲಗೆ ಕೇಳಿದರು: "ಈಜು ಬರ್ತದಲ್ವಾ?"

ಹಲಗೆ ಬರುವುದು 8 ಅಡಿ ಉದ್ದ, 4 ಅಡಿ ಅಗಲದಲ್ಲಿ. ಎರಡೇ ಹಲಗೆಯಲ್ಲಿ ದೋಣಿ ಮುಗಿಸಬೇಕೆಂದರೆ ಚೂಪು ಮೂಗಿಗೆ ಉದ್ದ ಸಾಲದು. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ಆಪ್ಟಿಮಿಸ್ಟ್ ಎಂಬ ಹಾಯಿದೋಣಿ ಮಾಡಿದಾಗ ಅವರಿಗೂ ಇದೇ ಲೆಕ್ಕ; ಅವರು ಮೂಗನ್ನೇ ಕತ್ತರಿಸಿಬಿಟ್ಟರು. ಇಂದು ದೇಶದೇಶಗಳ ಮಕ್ಕಳು ಆ ಮೊಂಡುಮೂಗಿನಲ್ಲೇ ಪಂದ್ಯ ಆಡುತ್ತಾರೆ. ಇದನ್ನೆಲ್ಲ ಭಾವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ದನಕ್ಕೆ ಅಕ್ಕಚ್ಚು ಇಡುವ ಮರಿಗೆ ಹಾಗೆ ಉಂಟು" ಎಂದ.

ಜೋಡಿಸಲು ಮೊಳೆ ಬೇಡ. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ ಹೊಲಿಯುವುದು. ಹೆಂಡತಿ ಪಕ್ಕದಲ್ಲಿ ನಿಂತು ನೋಡಿದಳು. "ಷರ್ಟಿನ ಗುಂಡಿ ಹೋದ್ರೆ ನನ್ನ ಹತ್ರ ಬರುವವರು ದೋಣಿ ಹೊಲೀತೀರಾ?" 1963ರಲ್ಲಿ ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆ ತನ್ನ ಹೆಸರಿನ ಪ್ಲೈವುಡ್ ದೋಣಿಯನ್ನು ಜನರ ಮುಂದಿಟ್ಟದ್ದು ಹೀಗೆಯೇ ಎಂದೆ. ಟಿ.ವಿ.ಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್, ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದ ಆ ದೋಣಿಯನ್ನು ಸಾವಿರಾರು ಮಂದಿ ಮನೆಯಲ್ಲೇ ಹೊಲಿದರು. ಅವರ ಹೆಂಡತಿಯರು ಏನೆಂದರೋ ಪತ್ರಿಕೆಯಲ್ಲಿ ಬಂದಿರಲಾರದು.

ಕೆಳಮನೆಯ ಅಜ್ಜ ಬದುಕಿಡೀ ಸಮುದ್ರಕ್ಕೆ ಹೋದವರು. "ಇದ್ರಲ್ಲಿ ಹೊಸತೆಂತದ್ದು? ಹಿಂದೆ ತೆಂಗಿನ ಹುರಿಯಲ್ಲಿ ಹೊಲೀತಿದ್ರು" ಎಂದರು. ಮಾತು ಸರಿಯೇ. ಅಜಂತಾದ ಚಿತ್ರ ನೋಡಿ ಕಟ್ಟಿ, ತೆಂಗಿನ ನಾರಿನ ಹಗ್ಗದಿಂದ ಹೊಲಿದ 'ಕೌಂಡಿನ್ಯ' ಹಡಗನ್ನು ನೌಕಾಪಡೆ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ಸೇರಿಸಿಕೊಂಡಿತು. ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. ಅಜ್ಜ ಫೋಟೊ ನೋಡಿದರು, ನನ್ನ ದೋಣಿ ನೋಡಿದರು, ಮತ್ತೆ ಫೋಟೊ ನೋಡಿದರು. "ಅದಕ್ಕೆ ಮೂಗುಂಟು."

ಹೊಲಿಗೆಯ ಮೇಲೆ ಎಪಾಕ್ಸಿ ಅಂಟು. ಎರಡು ಡಬ್ಬಿಯದ್ದನ್ನು ಅಳತೆಯಲ್ಲಿ ಬೆರೆಸಿ, ನುಣ್ಣನೆಯ ಮರದ ಹುಡಿ ಕಲಸಿ ಮೂಲೆಗೆ ಮೆತ್ತಿ, ಗಾಜಿನ ನಾರಿನ ಪಟ್ಟಿ ಅಂಟಿಸುವುದು. ಆದರೆ ಇದು ಬೆರೆತ ಕ್ಷಣದಿಂದ ತನ್ನೊಳಗೇ ಬಿಸಿಯೇರುತ್ತದೆ. ಆಳವಾದ ಮಗ್ಗಿನಲ್ಲಿದ್ದರೆ, ಅದೂ ಕರಾವಳಿಯ ಎಪ್ರಿಲ್‌ನಲ್ಲಿ, ನೋಡನೋಡುತ್ತಿದ್ದಂತೆ ಹೊಗೆಯಾಡಿ ಕಲ್ಲಾಗುತ್ತದೆ. ಚಪ್ಪಟೆ ಪಾತ್ರೆಯಲ್ಲಿ ತೆಳ್ಳಗೆ ಹರಡಿದರೆ ತುಸು ಹೊತ್ತು ತಾಳುತ್ತದೆ. ಮನೆಯಲ್ಲಿ ಅಂಥದ್ದಿದ್ದದ್ದು ಕಾಫಿ ಟ್ರೇ ಒಂದೇ. ಆ ದಿನದಿಂದ ಬಂದವರಿಗೆ ಲೋಟ ಕೈಯಲ್ಲೇ.

ನೀರಿಗಿಳಿಸುವ ದಿನ ಭಾವ ನಾಲ್ಕು ಲಿಂಬೆ ತಂದ. ಹೊಸ ವಾಹನವಲ್ಲವೇ? ದೋಣಿಗೆ ಒಂದು ಸುತ್ತು ಬಂದು, ಚಕ್ರ ಕಾಣದೆ, ಹಿಡಿದುಕೊಂಡೇ ನಿಂತ. ಅಮ್ಮ ತೆಂಗಿನಕಾಯಿ ಎತ್ತಿ, "ಎಲ್ಲಿಗೆ ಒಡೆಯುವುದು ಮಗಾ?" ಎಂದಳು. 6 ಎಂಎಂ ನೆನೆದು ನನಗೆ ಬೆವರು ಬಂತು. ಅಜ್ಜ ನಡುವೆ ಬಂದು, ನೂಲಹುಣ್ಣಿಮೆಗೆ ಸಮುದ್ರಕ್ಕೆ ಕೊಡುವ ಹಾಗೆ ಇಡೀ ಕಾಯಿಯನ್ನೇ ಹೊಳೆಗೆ ಬಿಡಿಸಿದರು.

ದೋಣಿ ತೇಲಿತು. ಒಂದು ತೊಟ್ಟು ನೀರೂ ಒಳಗೆ ಬರಲಿಲ್ಲ. ಆದರೆ ಗಿಡ್ಡ, ಚಪ್ಪಟೆ ತಳದ ದೋಣಿಗೆ ಒಂದು ಬದಿ ಹುಟ್ಟು ಹಾಕಿದರೆ ಮುಂದೆ ಹೋಗುವುದಕ್ಕಿಂತ ತಿರುಗುವುದೇ ಇಷ್ಟ. ನಾನು ನಾಲ್ಕೂ ದಿಕ್ಕು ನೋಡುತ್ತಿರುವಾಗ ಇಳಿತದ ನೀರಿಗೆ ಸಿಕ್ಕ ತೆಂಗಿನಕಾಯಿ ನೆಟ್ಟಗೆ ಅಳಿವೆಯತ್ತ ಹೊರಟಿತ್ತು.

"ಅದ್ರ ಹಿಂದೆಯೇ ಹೋಗಿ, ಅದಕ್ಕೆ ದಾರಿ ಗೊತ್ತುಂಟು!" ಅಜ್ಜ ದಡದಿಂದ ಕೂಗಿದರು.

ಭಾವನ ಕೈಯಿಂದ ಹೆಂಡತಿ ಲಿಂಬೆ ತೆಗೆದುಕೊಂಡಳು. "ಬರುವಾಗ ಶರಬತ್ತು ಮಾಡಿಡ್ತೇನೆ. ಟ್ರೇ ಒಂದು ಇಲ್ಲ, ಅಷ್ಟೆ."